ಸೀರೆಯಂಗಡಿಯ ಗಾದಿ ಮೇಲೆ ಬಣ್ಣದ ಪಾಠ

ಗೋವಾದ ಸಾಂಖಳಿಯ ಪೇಟೆಯಲ್ಲಿ ನಮ್ಮದೊಂದು ಸೀರೆಯಂಗಡಿ ಇದೆ. ಅಂಗಡಿ ಎಂದರೆ ಈಗಿನವರ ಕಣ್ಣಿಗೆ ಗಾಜಿನ ಬಾಗಿಲು, ಎತ್ತರದ ಕೌಂಟರು, ತಣ್ಣನೆಯ ಗಾಳಿ ಬರುತ್ತದೆ. ನಮ್ಮದು ಹಾಗಲ್ಲ. ಧಾರವಾಡದ ಕಡೆ ಇರುವಂತೆ ಮೊಣಕಾಲೆತ್ತರದ ಕಟ್ಟೆ, ಕಟ್ಟೆಯ ಮೇಲೆ ಉದ್ದಕ್ಕೂ ಗಾದಿ, ಗಾದಿಯ ಮೇಲೆ ಬಿಳಿ ಹಾಸು. ಗಿರಾಕಿ ಚಪ್ಪಲಿ ಬಿಟ್ಟು ಹತ್ತಿ ಕೂಡಬೇಕು. ನಾವು ಎದುರಿಗೆ ಕೂತು ಸೀರೆ ಬಿಚ್ಚಿ ಹಾಸುತ್ತಾ ಹೋಗಬೇಕು. ಆ ಬಿಳಿ ಹಾಸೆಂದರೆ ನಮ್ಮ ಮನೆಯವರಿಗೆ ಪ್ರಾಣ. ಅದರ ಮೇಲೆ ಚಹಾದ ಒಂದು ಹನಿ ಬಿದ್ದರೂ ಹರಳೆಣ್ಣೆ ಕುಡಿದ ಮುಖ ಮಾಡುತ್ತಾರೆ. ಗಲ್ಲಾಪೆಟ್ಟಿಗೆಯ ಹಿಂದೆ ಕೂತಲ್ಲಿಂದಲೇ ಅವರಿಗೆ ಇಡೀ ಹಾಸು ಕಾಣುತ್ತದೆ, ಗಿರಾಕಿಯ ಮುಖ ಆಮೇಲೆ.

ಮದುವೆಯಾಗಿ ಇಲ್ಲಿಗೆ ಬಂದಾಗ ನನಗೆ ಕೊಂಕಣಿಯ ಗಂಧಗಾಳಿ ಇರಲಿಲ್ಲ. ಕಲಿತದ್ದೆಲ್ಲ ಈ ಗಾದಿಯ ಮೇಲೆಯೇ. “ಯೋ ಬಾಯ್, ಬಸ” ಅಂದರೆ ಬಾರಮ್ಮಾ, ಕೂತುಕೋ. “ಕಿತೆಂ ದಾಖೋವಂ?” ಅಂದರೆ ಏನು ತೋರಿಸಲಿ. “ರಂಗ ವಚ್ಚೊ ನಾ” ಅಂದರೆ ಬಣ್ಣ ಹೋಗುವುದಿಲ್ಲ. ಈ ಮೂರು ಮಾತು ನಾಲಿಗೆಗೆ ಹತ್ತಿದ ದಿನವೇ ಅತ್ತೆ ನನ್ನನ್ನು ವ್ಯಾಪಾರಕ್ಕೆ ಕೂರಿಸಿದರು. ಉಳಿದ ಕೊಂಕಣಿ ಆಮೇಲೆ ಬಂದೀತು ಎಂದುಕೊಂಡಿದ್ದೆ. ಅದು ಬರಲೇ ಇಲ್ಲ. ಇಷ್ಟು ವರ್ಷವಾದರೂ ನನ್ನ ಕೊಂಕಣಿ ಸೀರೆಯ ಸೆರಗು ದಾಟಿಲ್ಲ. ದವಾಖಾನೆಯಲ್ಲಿ ಹೊಟ್ಟೆನೋವು ಹೇಳಿಕೊಳ್ಳಬೇಕಾದರೆ ಹಿಂದಿಗೆ ಹಾರುತ್ತೇನೆ. ಇಂಥ ನಾನು ಹೋದ ಬೇಸಿಗೆಯಲ್ಲಿ ಒಂದು ಮಗುವಿಗೆ ಕೊಂಕಣಿ ಕಲಿಸುತ್ತೇನೆಂದು ಮಾತು ಕೊಟ್ಟು ಕೂತೆ. ನನ್ನ ಸ್ವಭಾವವೇ ಹಾಗೆ. ಮೊದಲು ಹೂಂ ಅನ್ನುವುದು, ಆಮೇಲೆ ತಲೆ ಕೆರೆದುಕೊಳ್ಳುವುದು.

ಅಂಗಡಿಯ ಎದುರು, ರಸ್ತೆಯ ಆಚೆ, ಹೊಸ ಕಟ್ಟಡವೊಂದು ಏಳುತ್ತಿತ್ತು. ಅಲ್ಲಿ ಗಾರೆ ಹೊರುವ, ಗೋಡೆಗೆ ನೀರು ಹೊಡೆಯುವ ಕೆಲಸಕ್ಕೆ ವಿಜಯಪುರದ ಕಡೆಯ ಹೆಣ್ಣುಮಗಳೊಬ್ಬಳು ಬರುತ್ತಿದ್ದಳು. ಅವಳ ಜೊತೆಗೆ ನಾಲ್ಕು ತುಂಬಿದ ಮಗಳು. ಹುಡುಗಿ ಮರಳಿನ ಗುಡ್ಡೆಯ ಮೇಲೆ ಆಡುತ್ತಿದ್ದಳು, ಬಿಸಿಲೇರಿದರೆ ರಸ್ತೆ ದಾಟಿ ನಮ್ಮ ಅಂಗಡಿಯ ಮೆಟ್ಟಿಲಿನ ನೆರಳಿಗೆ ಬರುತ್ತಿದ್ದಳು. ಕನ್ನಡದಲ್ಲಿ ಅವಳ ಬಾಯಿ ನಿಂತದ್ದನ್ನು ನಾನು ಕಂಡಿಲ್ಲ. ನಾಯಿಗೇಕೆ ಬಾಲ, ಸೀರೆ ಉಡಿಸಿ ನಿಲ್ಲಿಸಿದ ನಿಮ್ಮ ಗೊಂಬೆಗೇಕೆ ತಲೆಯಿಲ್ಲ, ಸಾವಕಾರರ ತಲೆಯ ಮೇಲೇಕೆ ಕೂದಲಿಲ್ಲ, ಎಲ್ಲ ಬೇಕು ಅವಳಿಗೆ. ಆದರೆ ಕೊಂಕಣಿ ಮಾತಾಡುವ ಗಿರಾಕಿ ಬಂದು ಗಲ್ಲ ಹಿಡಿದು ಮಾತಾಡಿಸಿದರೆ ಮೌನಗೌರಿ.

ತಾಯಿಯನ್ನು ನಾನು ಎಷ್ಟೋ ಸಲ ಒಳಗೆ ಕರೆದಿದ್ದೆ. ಅವಳು ಮೆಟ್ಟಿಲು ಹತ್ತುತ್ತಿರಲಿಲ್ಲ. “ಕಾಲಾಗ ಸಿಮಿಟ ಐತ್ರಿ ಅಕ್ಕಾರ. ಗಾದಿ ಹೊಲಸ ಆಗತೈತಿ” ಎಂದು ಕೆಳಗೇ ನಿಂತು ಮಾತಾಡಿ ಹೋಗುವಳು. ನಮ್ಮವರೂ ಗಲ್ಲಾದ ಹಿಂದಿನಿಂದ “ಬಾರವ್ವಾ, ಬಾ” ಅನ್ನುತ್ತಿದ್ದರು. ಆದರೆ ಅನ್ನುವಾಗ ಅವರ ಕಣ್ಣು ಹಾಸಿನ ಮೇಲೆಯೇ ಇರುತ್ತಿತ್ತು. ಅವಳೇನು ಕುರುಡಿಯಲ್ಲವಲ್ಲ.

ಒಂದು ಮಧ್ಯಾಹ್ನ ಅವಳು ಮೆಟ್ಟಿಲ ಬಳಿ ನಿಂತು ವಿಷಯ ಹೇಳಿದಳು. ಕಟ್ಟಡ ಮೇಲೇಳುತ್ತಿದೆ, ಇನ್ನು ಮಗುವನ್ನು ಕೆಲಸದ ಜಾಗಕ್ಕೆ ತರಬೇಡ ಎಂದು ಮೇಸ್ತ್ರಿ ಹೇಳಿದ್ದಾನೆ. ಹತ್ತಿರದ ಬಾಲವಾಡಿಗೆ ಒಮ್ಮೆ ಹಾಕಿ ನೋಡಿದ್ದಾಳೆ. ಅಲ್ಲಿ ಹುಡುಗಿ ಬಾಯಿ ಬಿಡಲಿಲ್ಲ. ಬಾಯಾರಿದ್ದು ಹೇಳಲಿಲ್ಲ, ಬಿದ್ದು ಮೊಣಕಾಲು ಕೆತ್ತಿದ್ದು ಹೇಳಲಿಲ್ಲ, ಕೊನೆಗೆ ಗೇಟು ತೆರೆದಿದ್ದಾಗ ಅವ್ವನನ್ನು ಹುಡುಕಿಕೊಂಡು ರಸ್ತೆಗೇ ಬಂದುಬಿಟ್ಟಳು. ಬಾಲವಾಡಿಯ ಬಾಯಿ, ಅಂದರೆ ಅಲ್ಲಿನ ಟೀಚರು, ಕೆಟ್ಟವರೇನಲ್ಲ. ಅಷ್ಟು ಮಕ್ಕಳನ್ನು ಒಬ್ಬರೇ ನೋಡಬೇಕು. “ಇವಳು ಹೇಳದಿದ್ದರೆ ನನಗೆ ಹೇಗೆ ತಿಳಿಯಬೇಕು? ನಾಲ್ಕು ಮಾತು ಬರಲಿ, ಮಳೆಗಾಲಕ್ಕೆ ಕರೆದುಕೊಂಡು ಬಾ, ನೋಡೋಣ” ಎಂದು ಕಳಿಸಿದ್ದರು.

“ಊರಿಗೆ ಕಳಸೂದ ಆತ್ರಿ ಇನ್ನ” ಎಂದಳು. “ಮಳಿ ಹಿಡಿಯೂದ್ರಾಗ ನಮ್ಮ ಮೈದನಾ ಬರತಾನ. ಅವನ ಕೂಡ ಕಳಸ್ತೀನಿ. ಅತ್ತಿ ನೋಡ್ಕೋತಾಳ.”

“ಅತ್ತಿ ಕಡೆ ಇದ್ರ ಚಲೋನ ಅಲ್ಲೇನ?” ಎಂದೆ, ಏನೂ ಗೊತ್ತಿಲ್ಲದೆ.

“ಹಿರೇ ಮಗನ್ನ ಹಿಂಗ ಬಿಟ್ಟೇನ್ರಿ. ಈಗ ಹ್ವಾದ್ರ ನನ್ನ ಕಡೆ ಬರಾಂಗಿಲ್ಲ. ಅಜ್ಜಿ ಸೀರಿ ಹಿಂದ ನಿಂತ, ಯಾರೋ ಬೀಗರ ಬಂದಾರ ಅನ್ನೂವಂಗ ನೋಡ್ತಾನ.”

ಇದನ್ನು ಹೇಳುವಾಗ ಅವಳು ಅಳಲಿಲ್ಲ. ತಲೆಯ ಮೇಲಿನ ಸಿಂಬಿಯನ್ನು ಬಿಚ್ಚಿ ಮತ್ತೆ ಸುತ್ತಿಕೊಂಡಳು ಅಷ್ಟೆ. ಹುಡುಗಿಯನ್ನು ಅಂಗಡಿಯಲ್ಲೇ ಇಟ್ಟುಕೊಳ್ಳುತ್ತೇನೆ, ಬಿಡು ಎಂದೆ. ಅದಕ್ಕೆ ಅವಳು ಒಪ್ಪಲಿಲ್ಲ. “ನಾಕ ದಿನಾ ಇಟಗೋತೀರಿ. ಚೌತಿ ಸೀಜನ್ ಬಂದ್ರ ನಿಮಗ ಕಾಲ ಇಡಾಕ ಜಾಗಾ ಇರಾಂಗಿಲ್ಲ. ಅಕಿ ಅಕ್ಷರಾನೂ ಕಲೀಬೇಕಲ್ರಿ.” ಮಾತು ಖರೆಯೇ. ಹಾಗಾದರೆ ಮಳೆಗಾಲದೊಳಗೆ ನಾಲ್ಕು ಮಾತು ನಾನು ಕಲಿಸುತ್ತೇನೆ, ನೀನು ಮೈದುನನ ಮಾತು ತೆಗೆಯಬೇಡ ಎಂದುಬಿಟ್ಟೆ. ಗಲ್ಲಾದ ಹಿಂದೆ ನಮ್ಮವರು ಕೆಮ್ಮಿದರು. ಅವರ ಕೆಮ್ಮಿನ ಅರ್ಥ ನನಗೆ ಗೊತ್ತು. ನೀನು ಯಾವ ಸೀಮೆಯ ಪಂಡಿತೆ, ಎಂದು.

ಮೊದಲ ದಿನ ಹುಡುಗಿಯನ್ನು ಗಾದಿಯ ಮೂಲೆಯಲ್ಲಿ ಕೂರಿಸಿ ಬಾಯಿಪಾಠ ಶುರು ಮಾಡಿದೆ. ನೀರಿಗೆ ಉದಕ, ಮನೆಗೆ ಘರ, ಹೂವಿಗೆ ಫೂಲ. ಹೇಳು. ಅವಳು ತುಟಿ ಹೊಲಿದುಕೊಂಡು ನನ್ನ ಮೂಗುಬೊಟ್ಟು ನೋಡುತ್ತಾ ಕೂತಳು. ಎರಡನೆಯ ದಿನ ನನಗೆ ಸಿಟ್ಟು ಬಂತು, ಅವಳಿಗೆ ನಿದ್ದೆ ಬಂತು. ಸಂಜೆ ಹುಬ್ಬಳ್ಳಿಯಲ್ಲಿ ಚಿಕ್ಕ ಮಕ್ಕಳ ಶಾಲೆಯಲ್ಲಿ ಕಲಿಸುವ ನನ್ನ ಮಗಳಿಗೆ ಫೋನು ಹಚ್ಚಿ ಗೋಳು ಹೇಳಿಕೊಂಡೆ.

“ಅವ್ವಾ, ಹಂಗ ಗಿಣಿಪಾಠ ಮಾಡಸಬ್ಯಾಡ” ಎಂದಳು. “ಬಣ್ಣಾ ತುಂಬಸು. ಕೈ ಕೆಲಸದಾಗ ಇದ್ರ ಅಂಜಿಕಿ ಹೋಗತೈತಿ, ಕಿವಿ ತೆರೀತಾವ. ಅಕಿ ಏನ ತುಂಬಾಕತ್ತಾಳ ಅದರ ಹೆಸರ ನೀ ಅನಕೋತ ಇರು. ಏನದು, ಯಾವ ಬಣ್ಣದ್ದು, ಎಲ್ಲಿ ಕುಂತೈತಿ, ಏನ ಮಾಡಾಕತ್ತೈತಿ. ಅನ್ನು ಅಂತ ಅಕಿಗೆ ಹೇಳಬ್ಯಾಡ. ತಾನ ಅಂತಾಳ.”

ಅಷ್ಟು ಹೇಳಿ ಬಣ್ಣ ತುಂಬುವ ಚಿತ್ರಗಳನ್ನು ಮೊಬೈಲಿಗೆ ಕಳಿಸಿದಳು. ನಮ್ಮವರು ಝೆರಾಕ್ಸ್ ಅಂಗಡಿಗೆ ಹೋಗಿ ಮುದ್ರಿಸಿ ತಂದರು. ಮೊದಲನೆಯದು ಹಿಮದ ದೇಶದವರ ಗುಂಡನೆಯ ಮನೆ. ಹುಡುಗಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಆಯಿ, ಇದ ಇಡ್ಲಿ ಏನ?” ಎಂದಳು. ಆಯಿ ಎಂದರೆ ನಾನು, ಅವರ ಕಡೆ ಅಜ್ಜಿಗೆ ಹಾಗನ್ನುತ್ತಾರೆ. ಹೌದು ಎಂದೆ, ಇನ್ನೇನು ಹೇಳಲಿ? ಎರಡನೆಯದು ಹಿಮದ ಮನುಷ್ಯ. ಅವಳಿಗೆ ಅದು ಒಂದರ ಮೇಲೊಂದು ಇಟ್ಟ ಉಂಡಿ. ಮೂರನೆಯದರಲ್ಲಿ ಏನಿತ್ತೆಂದು ನನಗೂ ತಿಳಿಯಲಿಲ್ಲ, ನಮ್ಮವರಿಗೂ ತಿಳಿಯಲಿಲ್ಲ. ಬಿಳಿಯ ಇಡ್ಲಿಗೆ ಬಣ್ಣವೇನು ಬಳಿಯುವುದು? ಆ ಹಾಳೆಗಳಲ್ಲಿ ಬಜಿ ಕಟ್ಟಿಕೊಂಡು ತಿಂದೆವು.

ನಾನೇ ಚಿತ್ರ ಬರೆಯುತ್ತೇನೆಂದು ಕೂತೆ. ಸೀರೆಯ ಮಡಿಕೆಯೊಳಗೆ ಬಿಳಿಯ ರಟ್ಟು ಇಟ್ಟಿರುತ್ತಾರಲ್ಲ, ಅದು ನಮ್ಮಲ್ಲಿ ರಾಶಿ ಬಿದ್ದಿರುತ್ತದೆ. ಆದರೆ ನನಗೆ ಕೈ ಬೀಸಿ ಚಿತ್ರ ಬರೆಯಲು ಬರುವುದಿಲ್ಲ. ಬರುವುದು ರಂಗೋಲಿ. ಚುಕ್ಕಿ ಇಟ್ಟುಕೊಂಡರೆ ಏನನ್ನಾದರೂ ಎಳೆದೇನು, ಚುಕ್ಕಿ ಇಲ್ಲದಿದ್ದರೆ ಒಂದು ಚೆಂಬು ಕೂಡ ನೆಟ್ಟಗೆ ಬಾರದು. ಹಾಗಾಗಿ ರಟ್ಟಿನ ಮೇಲೆ ಚುಕ್ಕಿ ಇಟ್ಟೆ, ಗಿಳಿ ಎಳೆದೆ. ರಂಗೋಲಿಯಲ್ಲಿ ಗಿಳಿ ಒಂಟಿಯಾಗಿ ಬರುವುದುಂಟೇ? ನಡುವೆ ಒಂದು ಹೂವು, ಎಡಕ್ಕೊಂದು, ಬಲಕ್ಕೊಂದು, ಮುಖಾಮುಖಿ. ನವಿಲೂ ಹಾಗೆ, ಹಸುವೂ ಹಾಗೆ, ಆನೆಯೂ ಹಾಗೆ. ನನ್ನ ಲೋಕದಲ್ಲಿ ಎಲ್ಲ ಪ್ರಾಣಿಗಳಿಗೂ ಜೋಡಿ ಗ್ಯಾರಂಟಿ.

ಬಣ್ಣಕ್ಕೆ ಮೇಣದ ಕಡ್ಡಿಗಳ ಡಬ್ಬಿ ತಂದೆವು. ಅದರ ಮೇಲೆ ಬರೆದ ಹೆಸರುಗಳನ್ನು ಓದುವವರು ಯಾರು? ಬಣ್ಣಗಳಿಗೆ ನಮ್ಮಲ್ಲಿ ನಮ್ಮವೇ ಹೆಸರುಗಳಿವೆ. ಎದ್ದು ಕಾಣುವ ಗುಲಾಬಿಗೆ ರಾಣಿ. ನೀಲಿಗೂ ಹಸಿರಿಗೂ ನಡುವಿನದು ರಾಮಾ. ಗಜ್ಜರಿಯ ಬಣ್ಣಕ್ಕೆ ಗಜರಿ. ಮಾಸಿದ ಹಸಿರಿಗೆ ಮೆಹಂದಿ. ಈ ಹೆಸರು ಹೇಳಿದರೆ ಗೋವಾದ ಹೆಂಗಸರಿಗೂ ತಿಳಿಯುತ್ತದೆ, ಬೆಳಗಾವಿಯವರಿಗೂ ತಿಳಿಯುತ್ತದೆ. ಹುಡುಗಿಗೆ ರಾಣಿ ಬಣ್ಣ ಕಂಡರೆ ಅದೇನು ಹಿಗ್ಗೋ, ಆನೆಗೂ ಅದೇ, ಹಸುವಿಗೂ ಅದೇ. ಬಣ್ಣ ತುಂಬುವಾಗ ನಾಲಿಗೆಯ ತುದಿ ತುಟಿಯ ಹೊರಗೆ ಬಂದು, ಕಡ್ಡಿ ಹೋದ ಕಡೆಗೆಲ್ಲ ತಾನೂ ಹೋಗುತ್ತಿತ್ತು.

ನಾನು ಪಕ್ಕದಲ್ಲಿ ಕೂತು ಅನ್ನುತ್ತಾ ಹೋದೆ. ಹೇಂ ಫೂಲ. ಫೂಲ ರಾಣಿ. ಹೊ ಕೀರ, ಅಂದರೆ ಗಿಳಿ. ಎರಡು ಸಲ ಅನ್ನುವಷ್ಟರಲ್ಲಿ ಗಿರಾಕಿ ಬರುತ್ತಿದ್ದರು. ಪಾಠ ಅಲ್ಲಿಗೇ ಬಿಟ್ಟು “ಯೋ ಬಾಯ್, ಬಸ” ಎನ್ನಬೇಕು, ಸೀರೆ ಬಿಚ್ಚಬೇಕು. ಗಿರಾಕಿ ಇದು ನಾಕಾ, ಅದು ನಾಕಾ, ಬೇಡ ಬೇಡ ಎನ್ನುತ್ತಾ “ಆನೀಕ ಏಕ ದಾಖಯ”, ಇನ್ನೊಂದು ತೋರಿಸು, ಎನ್ನುವರು. ಅವರನ್ನು ಕಳಿಸಿ ತಿರುಗಿದರೆ ಹುಡುಗಿ ಕಡ್ಡಿ ಹಿಡಿದು ನನ್ನ ಬಾಯನ್ನೇ ನೋಡುತ್ತಿರುತ್ತಿದ್ದಳು. ಪಾಠಕ್ಕೆ ಅಡ್ಡಿಯಾಯಿತಲ್ಲ ಎಂದು ನಾನು ಒಳಗೊಳಗೇ ಕುದಿಯುತ್ತಿದ್ದೆ.

ಅವಳ ಬಾಯಿಂದ ಬಿದ್ದ ಮೊದಲ ಕೊಂಕಣಿ ಮಾತು ಫೂಲವೂ ಅಲ್ಲ, ಕೀರವೂ ಅಲ್ಲ. ಆನೆಗೆ ಕಪ್ಪು ಬಣ್ಣ ಹಚ್ಚೋಣ ಎಂದು ನಾನು ಕಡ್ಡಿ ಕೊಡಲು ಹೋದಾಗ, ಕೈಯನ್ನು ಗಾಳಿಯಲ್ಲಿ ಬೀಸಿ, ಮೂಗು ಮುರಿದು, “ನಾಕಾ” ಎಂದಳು. ನಮ್ಮ ಗಿರಾಕಿಗಳು ದಿನಕ್ಕೆ ನೂರು ಸಲ ಅನ್ನುವ ಮಾತು. ನಮ್ಮವರು ಗಲ್ಲಾದ ಹಿಂದೆ ಹೊಟ್ಟೆ ಹಿಡಿದು ನಕ್ಕರು. “ಚಲೋ ಕಲಸಾಕತ್ತೀ. ಮೊದಲ ಗಿರಾಕಿನ್ನ ಓಡಸೂ ಮಾತ ಕಲ್ತಾಳ.”

ಆ ಮೇಲೆ ನಾನು ಬುದ್ಧಿ ಓಡಿಸಿದೆ. ಬಾಲವಾಡಿಯ ಬಾಯಿಗೆ ಯಾವ ಮಾತು ಬೇಕೋ ಆ ಚಿತ್ರ ಎಳೆದೆ. ಚೆಂಬು ಎಳೆದು ಒಳಗೆ ನೀರಿಗೆ ರಾಮಾ ಬಣ್ಣ ತುಂಬಿಸಿ, ಉದಕ. ಗೊಂಬೆ ಎಳೆದು ಮೊಣಕಾಲಿಗೆ ಕೆಂಪು ಹಚ್ಚಿಸಿ, ದುಖತಾ, ಅಂದರೆ ನೋಯುತ್ತದೆ. ಅವಳಿಗೆ ಆ ಕೆಲಸ ಎಷ್ಟು ಸೇರಿತೆಂದರೆ ಗೊಂಬೆಯ ಎರಡೂ ಮೊಣಕಾಲು, ಮೊಣಕೈ, ಮೂಗು, ಎಲ್ಲ ಕಡೆ ಕೆಂಪು ಹಚ್ಚಿ, ಒಂದೊಂದನ್ನೂ ಊದಿ “ದುಖತಾ, ದುಖತಾ” ಎಂದು ಸಮಾಧಾನ ಮಾಡಿದಳು. ಒಮ್ಮೆ ಮೀನು ಬೇಕೆಂದು ಹಟ ಹಿಡಿದಳು. ನಾವು ಮೀನು ತಿನ್ನದ ಮನೆಯವರು, ಮೀನನ್ನು ಹತ್ತಿರದಿಂದ ನೋಡಿದವಳೇ ಅಲ್ಲ ನಾನು. ಚುಕ್ಕಿ ಇಟ್ಟು ಏನೋ ಎಳೆದೆ. ಅದು ಮಾವಿನೆಲೆಗೆ ಕಣ್ಣು ಬಂದಂತಾಯಿತು. ಸೀರೆ ನೋಡಲು ಬಂದಿದ್ದ ಮುದುಕಿಯೊಬ್ಬರು ಕಡ್ಡಿ ಇಸಿದುಕೊಂಡು ಬಾಲ, ರೆಕ್ಕೆ ತಿದ್ದಿ, “ನುಸ್ತೆಂ” ಎಂದು ಹೆಸರನ್ನೂ ಹೇಳಿ, ಸೀರೆ ಕೊಳ್ಳದೆ ಹೋದರು.

ಮನೆಯ ಚಿತ್ರದ ದಿನ ಮಾತ್ರ ದೊಡ್ಡ ರಾಮಾಯಣವಾಯಿತು. ಎರಡು ಕಿಟಕಿ, ನಡುವೆ ಬಾಗಿಲು, ಮೇಲೆ ಮಾಡು ಎಳೆದುಕೊಟ್ಟಿದ್ದೆ. ಹುಡುಗಿ ಗೋಡೆಗೆ ಗಜರಿ ತುಂಬಿದಳು, ಬಾಗಿಲಿಗೆ ಅವಳ ರಾಣಿ. ಒತ್ತಿ ಒತ್ತಿ ತಿಕ್ಕಿ, ಬಿಳಿಯ ಚುಕ್ಕೆಯೊಂದೂ ಉಳಿಯದ ಹಾಗೆ ಮುಗಿಸಿದಳು. ಆಮೇಲೆ ಎದ್ದು ಹೋಗಿ, ಕುಡಿಯುವ ನೀರಿನ ಕೊಡದಿಂದ ಲೋಟ ತುಂಬಿಸಿ ತಂದು, ಆ ಚಿತ್ರದ ಮೇಲೆ ಸುರಿದುಬಿಟ್ಟಳು. ನಮ್ಮವರು ಗಲ್ಲಾದಿಂದ ಹಾರಿದ್ದು ನೋಡಬೇಕಿತ್ತು. ಆ ವಯಸ್ಸಿನಲ್ಲಿ ಅಷ್ಟು ಹಾರುತ್ತಾರೆಂದು ನನಗೇ ಗೊತ್ತಿರಲಿಲ್ಲ.

“ಏ, ಏನ ಮಾಡಾಕತ್ತೀ? ಹಾಸೆಲ್ಲಾ ತೊಯ್ತಲ್ಲ.”

ಹುಡುಗಿ ಅವರನ್ನು ತಿಳುವಳಿಕೆ ಇಲ್ಲದವರನ್ನು ನೋಡುವಂತೆ ನೋಡಿದಳು. “ಮನಿ ಹೊಸಾದ ಐತ್ರಿ. ನೀರ ಹೊಡೀಬೇಕು. ಇಲ್ಲಂದ್ರ ಗ್ವಾಡಿ ಬಿರಕ ಬಿಡತೈತಿ.”

ರಸ್ತೆಯಾಚೆ ಅವಳ ತಾಯಿ ಅದೇ ಹೊತ್ತಿಗೆ ಪೈಪು ಹಿಡಿದು ಹೊಸ ಗೋಡೆಗೆ ನೀರು ಹೊಡೆಯುತ್ತಿದ್ದಳು. ಮಗಳು ಹುಟ್ಟಿದಾಗಿನಿಂದ ಕಂಡ ಮನೆಗಳೆಲ್ಲ ನೀರು ಕುಡಿಯುವ ಮನೆಗಳೇ. ನಮ್ಮವರು ಬೈಯಲು ತೆರೆದ ಬಾಯನ್ನು ಮುಚ್ಚಿಕೊಂಡು ಒರೆಸುವ ಬಟ್ಟೆ ಹುಡುಕಲು ಹೋದರು. ನಾನು ರಟ್ಟನ್ನು ಎತ್ತಿ ನೋಡಿದೆ. ಮೇಣದ ಬಣ್ಣವಲ್ಲವೇ, ನೀರೆಲ್ಲ ಮಣಿ ಮಣಿಯಾಗಿ ಉರುಳಿ ಹೋಯಿತು, ಬಣ್ಣ ಹಾಗೇ ಕೂತಿತ್ತು. ಸೀರೆಯ ಮೇಲೆ ನೀರು ಚಿಮುಕಿಸಿ ತೋರಿಸಿ ರೂಢಿಯಾದ ನಾಲಿಗೆ, ಕೇಳದೆಯೇ ಅಂದುಬಿಟ್ಟಿತು. “ಪಳೆ, ರಂಗ ವಚ್ಚೊ ನಾ.” ನೋಡು, ಬಣ್ಣ ಹೋಗುವುದಿಲ್ಲ.

“ರಂಗ ವಚ್ಚೊ ನಾ” ಎಂದಳು ಹುಡುಗಿ, ನನ್ನದೇ ರಾಗದಲ್ಲಿ. ಒದ್ದೆ ಗಾದಿಯ ಮೇಲೆ ಕೂತು ಇನ್ನೂ ಎಷ್ಟೋ ಸಲ ಅಂದಳು.

ಮಳೆ ಹಿಡಿಯಿತು. ಮೈದುನ ಬರುವ ದಿನವನ್ನು ಫೋನಿನಲ್ಲಿ ತಿಳಿಸಿದ. ನನ್ನ ಎದುರು ಹುಡುಗಿ ಅರಳು ಹುರಿದಂತೆ ಮಾತಾಡುತ್ತಿದ್ದಳು, ಸರಿ. ಆದರೆ ಬೇರೆಯವರ ಎದುರು? ಗಿರಾಕಿಗಳು ಮಾತಾಡಿಸಿದರೆ ಈಗಲೂ ತಲೆ ತಗ್ಗಿಸಿ ಕಡ್ಡಿ ಮಸೆಯುತ್ತಿದ್ದಳು. ನಾನು ಕೊಟ್ಟ ಮಾತನ್ನು ನೆಚ್ಚಿ ಆ ತಾಯಿ ಮಗಳಿಗೊಂದು ಹೊಸ ಛತ್ರಿ ಬೇರೆ ತಂದಿದ್ದಳು. ಮೆಟ್ಟಿಲ ಬಳಿ ನಿಂತು, “ಆಗತೈತೇನ್ರಿ ಅಕ್ಕಾರ?” ಎಂದು ಕೇಳಿದಳು. ಆಗತೈತಿ ಎಂದೆ. ಅಂದು ದೇವರಿಗೆ ಹಚ್ಚುವ ಊದಿನಕಡ್ಡಿಯನ್ನು ಒಂದು ಹೆಚ್ಚೇ ಹಚ್ಚಿದೆ.

ಬಾಲವಾಡಿಗೆ ನಾವು ಮೂವರೂ ಹೋದೆವು. ತಾಯಿ ಅರ್ಧ ದಿನದ ಕೆಲಸ ಬಿಟ್ಟು, ಕಾಲು ಉಜ್ಜಿ ತೊಳೆದುಕೊಂಡು ಬಂದಿದ್ದಳು. ಆದರೂ ಬಾಗಿಲಲ್ಲೇ ನಿಂತಳು. ಬಾಯಿ ಹುಡುಗಿಯನ್ನು ಚಾಪೆಯ ಮೇಲೆ ಕೂರಿಸಿ, ಗಿಳಿಯ ಚಿತ್ರವಿದ್ದ ಒಂದು ಹಾಳೆಯನ್ನೂ ಬಣ್ಣದ ಕಡ್ಡಿಗಳನ್ನೂ ಮುಂದಿಟ್ಟರು. ಇದು ಏನು ಎಂದು ಕೊಂಕಣಿಯಲ್ಲಿ ಕೇಳಿದರು. ಹುಡುಗಿ ಸುಮ್ಮನಿದ್ದಳು. ಯಾವ ಬಣ್ಣ ಎಂದು ಕೇಳಿದರು. ಅದಕ್ಕೂ ಸುಮ್ಮನೆ. ನಾನು ಕಣ್ಣಿನಲ್ಲಿ, ಹುಬ್ಬಿನಲ್ಲಿ, ಕೊನೆಗೆ ಕೆಮ್ಮಿನಲ್ಲಿ ಕೂಡ ಹೇಳಿಕೊಟ್ಟೆ. ಬಾಯಿ ನನ್ನ ಕಡೆ ತಿರುಗಿ ಸಣ್ಣಗೆ ನಕ್ಕರು. ಆ ನಗುವಿನಲ್ಲಿ ಪಾಪ ಎಂಬುದಿತ್ತು, ಅದೇ ನನಗೆ ತಡೆಯಲಾಗಲಿಲ್ಲ. ಹಿಂದೆ ತಾಯಿಯ ಬಳೆಗಳ ಸದ್ದು ಕೇಳಿತು. ಛತ್ರಿಯನ್ನು ಕೈಯಿಂದ ಕೈಗೆ ಬದಲಿಸುತ್ತಿದ್ದಳು.

ಹುಡುಗಿ ಹಾಳೆಯನ್ನು ಎತ್ತಿದಳು. ಹಿಂದೆ ತಿರುಗಿಸಿ ನೋಡಿದಳು. ಚಾಪೆಯನ್ನು ಎತ್ತಿ ಕೆಳಗೆ ನೋಡಿದಳು. ಆಮೇಲೆ ಕತ್ತೆತ್ತಿ, ಸೀರೆ ಒಪ್ಪಿಗೆಯಾಗದ ಗಿರಾಕಿಯ ದನಿಯಲ್ಲಿ ಬಾಯಿಗೆ ಹೇಳಿದಳು.

“ಆನೀಕ ಏಕ ದಾಖಯ.”

ಇನ್ನೊಂದು ತೋರಿಸು. ಬಾಯಿಗೆ ಅರ್ಥವಾಗಲಿಲ್ಲ. ನನಗೆ ತಕ್ಷಣ ಆಯಿತು. ಅವಳು ಬಣ್ಣ ತುಂಬಿದ ಗಿಳಿಗಳೆಲ್ಲ ಜೋಡಿ ಗಿಳಿಗಳು. ಈ ಹಾಳೆಯಲ್ಲಿ ಗಿಳಿ ಒಂದೇ, ಅದರ ಜೊತೆಯದು ಕಾಣೆಯಾಗಿತ್ತು. ನಾನು ಹಿಂದಿಯೂ ಕೊಂಕಣಿಯೂ ಕಲಸಿ ರಂಗೋಲಿಯ ಕಥೆ ಹೇಳಿದೆ. ಬಾಯಿ ನಕ್ಕು, ನನ್ನ ಹತ್ತಿರ ಒಂದೇ ಇದೆಯಲ್ಲ, ಏನು ಮಾಡಲಿ ಎಂದು ಹುಡುಗಿಯನ್ನು ಕೇಳುತ್ತಾ ಬಗ್ಗಿದರು.

ಹುಡುಗಿಗೆ ಅವರ ಕಷ್ಟ ಅರ್ಥವಾದಂತೆ ಕಂಡಿತು. ಚಾಪೆಯ ಅಂಚಿಗೆ ಸರಿದು, ಪಕ್ಕದಲ್ಲಿ ಅಂಗೈಯಿಂದ ತಟ್ಟಿ, “ಯೋ ಬಾಯ್, ಬಸ” ಎಂದಳು. ಬಾಯಿ ಕೂತರು. ಹುಡುಗಿ ಕಡ್ಡಿಗಳನ್ನು ಒಂದೊಂದಾಗಿ ಅವರ ಮುಂದೆ ಹಾಸಿದಳು. “ಕಿತೆಂ ದಾಖೋವಂ?”

ಬಾಯಿ ಗಿಳಿಗೆ ಹಸಿರು ಬೇಕೆಂದರು. ಹುಡುಗಿ ಹಸಿರು ಕೊಡಲಿಲ್ಲ. ಮೊದಲು ರಾಣಿ ತೋರಿಸಿದಳು, ಆಮೇಲೆ ಗಜರಿ, ಆಮೇಲೆ ಮೆಹಂದಿ. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಗಿರಾಕಿ ಕೇಳಿದ್ದನ್ನು ಮೊದಲೇ ಕೊಟ್ಟರೆ ತೆಗೆದುಕೊಂಡು ಎದ್ದುಹೋಗುತ್ತಾರೆ, ಅದಕ್ಕೇ ನಾವು ಕೇಳಿದ್ದನ್ನು ಕೊನೆಗೆ ತೆಗೆಯುತ್ತೇವೆ. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಬಾಯಿ ನಾಕಾ, ನಾಕಾ ಎನ್ನುತ್ತಾ ಹೋದರು. ಕೊನೆಗೆ ಹಸಿರು ಬಂತು, ಜೊತೆಗೆ ಭರವಸೆಯೂ ಬಂತು. “ರಂಗ ವಚ್ಚೊ ನಾ.”

ನಕ್ಕು ಮುಗಿಸಿದ ಮೇಲೆ ಬಾಯಿ ಕೇಳಬೇಕಾದ್ದನ್ನು ಕೇಳಿದರು. ಬಾಯಾರಿದರೆ ನನಗೇನು ಹೇಳುತ್ತೀ? ಉದಕ. ಬಿದ್ದರೆ? ದುಖತಾ, ಎಂದು ತನ್ನ ಮೊಣಕಾಲನ್ನೇ ಊದಿಕೊಂಡಳು. ಗೇಟು ತೆರೆದಿದ್ದರೆ ಹೊರಗೆ ಹೋಗುತ್ತೀಯಾ? ಇದಕ್ಕೆ ನಾನು ಏನನ್ನೂ ಬರೆದುಕೊಟ್ಟಿರಲಿಲ್ಲ, ಏನನ್ನೂ ಕಲಿಸಿರಲಿಲ್ಲ. ಹುಡುಗಿ ಬಾಗಿಲಲ್ಲಿದ್ದ ತಾಯಿಯನ್ನು ನೋಡಿದಳು. ಮುಂದೆ ಹರಡಿದ್ದ ಬಣ್ಣಗಳನ್ನು ನೋಡಿದಳು. ಕೈ ಬೀಸಿ, ಮೂಗು ಮುರಿದು, “ನಾಕಾ” ಎಂದಳು.

“ಫಾಲ್ಯಾಂ ಧಾಡ” ಎಂದರು ಬಾಯಿ, ತಾಯಿಯ ಕಡೆ ತಿರುಗಿ. ನಾಳೆ ಕಳಿಸು. ನಾನು ಕನ್ನಡದಲ್ಲಿ ಹೇಳುವ ಮೊದಲೇ ಅವಳಿಗೆ ತಿಳಿದುಹೋಗಿತ್ತು. ಹೊರಗೆ ಬಂದು, ಮಳೆಯೇ ಇಲ್ಲದಿದ್ದರೂ ಛತ್ರಿ ಬಿಚ್ಚಿ ಮಗಳ ತಲೆಯ ಮೇಲೆ ಹಿಡಿದುಕೊಂಡು ನಡೆದಳು. ದಾರಿಯಲ್ಲೇ ಮೈದುನನಿಗೆ ಫೋನು ಮಾಡಿದಳು. “ಬರಬ್ಯಾಡಪಾ. ಇಲ್ಲೇ ಸಾಲಿಗೆ ಹಚ್ಚೇನಿ” ಎಂದಷ್ಟೇ ಹೇಳಿ ಇಟ್ಟಳು. ನಾನು ಬೇರೆ ಕಡೆ ನೋಡುತ್ತಾ ನಡೆದೆ, ನನ್ನ ಕಣ್ಣೂ ಅಷ್ಟೇನು ಚೆನ್ನಾಗಿರಲಿಲ್ಲ.

ಮಧ್ಯಾಹ್ನ ಅವಳು ಕೆಲಸಕ್ಕೆ ಹೋದಳು, ಹುಡುಗಿ ಅಂಗಡಿಯಲ್ಲಿ ಉಳಿದಳು. ಸಂಜೆ ಕೆಲಸ ಮುಗಿಸಿ ಬಂದ ತಾಯಿ ಎಂದಿನಂತೆ ಮೆಟ್ಟಿಲ ಕೆಳಗೆ ನಿಂತಳು. ಎಂದಿನಂತೆ ಕಾಲಿಗೆ ಸಿಮೆಂಟು ಮೆತ್ತಿತ್ತು. ಗಾದಿಯ ನಡುವೆ ರಟ್ಟುಗಳನ್ನು ಹರಡಿಕೊಂಡು ಕೂತಿದ್ದ ಮಗಳು ಅವಳನ್ನು ನೋಡಿದಳು. ಏಳಲಿಲ್ಲ. ಪಕ್ಕದಲ್ಲಿ ಅಂಗೈಯಿಂದ ತಟ್ಟಿದಳು.

“ಯೋ ಬಾಯ್, ಬಸ.”

ತಾಯಿ ನಕ್ಕಳು, ನನ್ನನ್ನು ನೋಡಿದಳು, ಆಮೇಲೆ ತನ್ನ ಕಾಲನ್ನು ನೋಡಿಕೊಂಡಳು. “ನಡಿಯವ್ವಾ, ಹೊತ್ತಾತು.”

ಮಗಳು ಮತ್ತೆ ತಟ್ಟಿದಳು. ಬಂದ ಗಿರಾಕಿಯನ್ನು ನಿಲ್ಲಿಸಿ ಕಳಿಸುವುದು ಅವಳು ಕಂಡ ಪದ್ಧತಿಯಲ್ಲ. “ಕುಂದ್ರ ಬೇ ಅವ್ವಾ. ಬಸ.”

ತಾಯಿ ಮೆಟ್ಟಿಲು ಹತ್ತಿದಳು. ಗಾದಿಯ ಅಂಚಿಗೆ, ಕಾಲು ಹೊರಗೆ ಬಿಟ್ಟು ಕೂತಳು. ಮಗಳು ಕೈ ಹಿಡಿದು ಎಳೆದಳು, ಇನ್ನಷ್ಟು ಒಳಗ, ಇನ್ನಷ್ಟು ಒಳಗ ಎಂದು. ಅವಳು ಕಾಲನ್ನು ಮೇಲಕ್ಕೆಳೆದುಕೊಂಡು, ಎಲ್ಲ ಗಿರಾಕಿಗಳ ಹಾಗೆ ಚಕ್ಕಳಮಕ್ಕಳ ಹಾಕಿ ಕೂತಳು.

“ಕಿತೆಂ ದಾಖೋವಂ?”

“ಆ ಮನಿ ತೋರಸವ್ವಾ” ಎಂದಳು ತಾಯಿ.

ಮಗಳು ಮನೆ ತೋರಿಸಲಿಲ್ಲ. ಮೊದಲು ಜೋಡಿ ಗಿಳಿ ತೋರಿಸಿದಳು, ಆಮೇಲೆ ರಾಣಿ ಬಣ್ಣದ ಆನೆ, ಆಮೇಲೆ ಮೀನು. ಕೊನೆಗೆ ಅಡಿಯಿಂದ ಮನೆ ಬಂತು. ನೀರು ಕುಡಿದು ಅಂಚು ಉಬ್ಬಿತ್ತು, ಗೋಡೆ ಮಾತ್ರ ಗಜರಿಯಾಗಿ ಹೊಳೆಯುತ್ತಿತ್ತು. ತಾಯಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಿನಿಂದ ಬಾಗಿಲು ಸವರಿದಳು. “ರಂಗ ವಚ್ಚೊ ನಾ” ಎಂದು ಮಗಳು ಹೇಳಿಕೊಟ್ಟಳು. ತಾಯಿಯೂ ತಡವರಿಸಿ ಹಾಗೇ ಅಂದಳು.

ಬಿಳಿ ಹಾಸಿನ ಮೇಲೆ ಎರಡು ಬೂದು ಬಣ್ಣದ ಹೆಜ್ಜೆ ಮೂಡಿದ್ದವು. ನಾನು ಗಲ್ಲಾದ ಕಡೆ ನೋಡಿದೆ. ನಮ್ಮವರೂ ಆ ಹೆಜ್ಜೆಗಳನ್ನು ನೋಡಿದ್ದರು. ಗಂಟಲು ಸರಿಮಾಡಿಕೊಂಡರು. ಮುಚ್ಚುವ ಹೊತ್ತಾಗಿತ್ತು, ಅವರ ಕೈಯಲ್ಲಿ ಆಗಲೇ ಬೀಗದಕೈ ಇತ್ತು. ಅದನ್ನು ಗಲ್ಲಾದ ಮೇಲಿಟ್ಟು ಹುಡುಗಿಗೆ ಹೇಳಿದರು.

“ಇನ್ನೊಂದ ತೋರಸವ್ವಾ. ಗಿರಾಕಿ ಇನ್ನೂ ಕುಂತಾರ.”